ಅಕ್ಕಿಕಾಳು ಬೀಳುವ ಮುನ್ನದ ಮಾತು

ಸಂಕ್ರಮಣ ಕಳೆದು ಹತ್ತು ದಿನಕ್ಕೆ ನಮ್ಮ ಅಣ್ಣನ ಮಗಳಿಗೆ ಗಂಡು ಗಟ್ಟಿಯಾಯಿತು. ನವಲಗುಂದ ತಾಲ್ಲೂಕಿನ ಕಡೆಯ ಹುಡುಗ. ಎಂಟು ಎಕರೆ ಎರೆ ಹೊಲ. ಅದರಲ್ಲಿ ಅರ್ಧಕ್ಕೆ ಮಲಪ್ರಭಾ ಕಾಲುವೆಯ ನೀರು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹುಡುಗ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ರವಿವಾರ ಊರಿಗೆ ಬಂದು ಹೊಲ ನೋಡುತ್ತಾನೆ. ನಮ್ಮ ಹುಡುಗಿ ಬಿ.ಎಡ್. ಮಾಡಿದವಳು, ಅಣ್ಣಿಗೇರಿಯ ಹತ್ತಿರ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಮಾತುಕತೆಗೆ ಕುಳಿತ ಹಿರಿಯರು ಎಲ್ಲವನ್ನೂ ಬಿಡಿಸಿ ಬಿಡಿಸಿ ಮಾತಾಡಿದರು. ಬಂಗಾರ ಎಷ್ಟು ತೊಲಿ, ಮದುವೆ ಯಾರ ಊರಲ್ಲಿ, ಊಟಕ್ಕೆ ಗೋದಿ ಹುಗ್ಗಿಯೋ ಬುಂದಿಯೋ, ಬೀಗರಿಗೆ ಅರಿವೆ ಎಷ್ಟು ಜೋಡಿ, ಮದುವೆಯ ಮೇಲೆ ಹುಡುಗಿ ನೌಕರಿ ಮಾಡುವುದೋ ಬಿಡುವುದೋ. ಸಂಜೆಗೆ ಸಕ್ಕರೆ ಹಂಚಿದರು. ಮರುದಿನದಿಂದ ಫೋನಿನ ಮಾತು ಶುರುವಾಯಿತು.

ಮೂರನೆಯ ವಾರ ಒಂದು ರಾತ್ರಿ ಹುಡುಗಿ ಹುಡುಗನನ್ನು ಕೇಳಿದಳು: “ಎರಡು ಮಕ್ಕಳಾದ ಮ್ಯಾಲೆ ಆಪರೇಷನ್ ಯಾರು ಮಾಡಿಸ್ಕೊಳ್ಳೂದು?”

ಆ ಕಡೆ ಮಾತು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, “ಹೆಣ್ಮಕ್ಕಳ ಮಾಡಿಸ್ಕೋತಾರಲ್ಲ?” ಅಂದ. “ಗಂಡಸ್ರಿಗೂ ಐತ್ರಿ” ಅಂದಳು ಇವಳು. “ನೋಡೂಣು ತಗೋ, ಇನ್ನೂ ಮದುವೀನ ಆಗಿಲ್ಲ” ಎಂದು ಫೋನಿಟ್ಟ. ಮೂರು ದಿನ ಅವನ ಫೋನು ಬರಲಿಲ್ಲ.

ನಾಲ್ಕನೆಯ ದಿನ ಅವಳು ನನ್ನ ಹತ್ತಿರ ಬಂದು ಕುಳಿತಳು. “ಅತ್ತಿ, ನಾ ಕೇಳಬಾರದಿತ್ತೇನು?”

ನನಗೆ ಅವತ್ತು ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. “ಕೇಳಿದ್ದು ಚಲೋ ಆತು” ಎಂದಷ್ಟೇ ಹೇಳಿದೆ. ಯಾಕೆ ಚಲೋ ಆಯಿತು ಎಂಬುದನ್ನು ಈಗ ಬರೆಯುತ್ತಿದ್ದೇನೆ.

ಡೇಟಿಂಗ್ ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಆಡುವುದಿಲ್ಲ. ಆದರೆ ಆ ಮಾತಿನ ಒಳಗಿರುವುದೆಲ್ಲ ಇಲ್ಲಿಯೂ ಉಂಟು. ಅದಕ್ಕೆ ಎರಡು ದಾರಿ. ಒಂದು, ಗಟ್ಟಿಯಾದ ದಿನದಿಂದ ಅಕ್ಕಿಕಾಳು ಬೀಳುವ ದಿನದವರೆಗಿನ ಮೂರು ನಾಲ್ಕು ತಿಂಗಳು. ನನ್ನ ಕಾಲಕ್ಕೆ ಆ ತಿಂಗಳುಗಳಲ್ಲಿ ಗಂಡಿನ ಮುಖ ಒಮ್ಮೆ ಕಂಡರೆ ಹೆಚ್ಚು. ಈಗ ರಾತ್ರಿ ಊಟ ಮುಗಿಸಿ ಹುಡುಗಿ ಮಾಳಿಗೆ ಹತ್ತಿದರೆ ಮನೆಯವರು ಕಂಡೂ ಕಾಣದಂತೆ ಇರುತ್ತಾರೆ. ಇನ್ನೊಂದು, ಕಾಲೇಜಿನ ದಾರಿ. ಕುಂದಗೋಳದಿಂದ, ಕಲಘಟಗಿಯಿಂದ, ಅಣ್ಣಿಗೇರಿಯಿಂದ ಮುಂಜಾನೆ ಹುಬ್ಬಳ್ಳಿಗೆ ಹೊರಡುವ ಕೆಂಪು ಬಸ್ಸುಗಳಲ್ಲಿ ಅರ್ಧಕ್ಕರ್ಧ ಓದುವ ಹುಡುಗ ಹುಡುಗಿಯರು. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರು ಬಸ್ ಚಾರ್ಜಿಗಾಗಿ ಅಪ್ಪನ ಮುಂದೆ ಕೈ ಚಾಚುವುದು ತಪ್ಪಿದೆ. ಅದೇ ಬಸ್ಸುಗಳಲ್ಲಿ ಪ್ರೀತಿಯೂ ಹುಟ್ಟುತ್ತದೆ. ಪ್ರೀತಿ ಎಂದಿನಿಂದಲೂ ಇತ್ತು. ಅದಕ್ಕೆ ಓಡಾಟದ ಅನುಕೂಲ ಈಗ ಸಿಕ್ಕಿದೆ.

ಈ ಎರಡನೆಯ ದಾರಿಯಲ್ಲಿ ಹೆದರಿಕೆಯ ಭಾರವನ್ನು ಯಾರು ಹೊರುತ್ತಾರೆ ಎಂಬುದು ಊರಿಗೇ ಗೊತ್ತು, ಯಾರೂ ಆಡುವುದಿಲ್ಲ. ಊರಿನ ಔಷಧಿ ಅಂಗಡಿಯವನು ಹುಡುಗನಿಗೆ ಕಾಕಾ ಆಗಬೇಕು, ಇಲ್ಲವೇ ಅಪ್ಪನ ದೋಸ್ತ. ನಿರೋಧ ಕೇಳಲು ನಾಚಿಕೆ. ಹಾಗಾಗಿ ಹುಬ್ಬಳ್ಳಿಯಲ್ಲಿ ಗುರುತಿನವರಿಲ್ಲದ ಅಂಗಡಿ ಹುಡುಕಬೇಕು. ಹುಡುಕುವಷ್ಟು ಮುಂದಾಲೋಚನೆ ಎಷ್ಟು ಹುಡುಗರಿಗಿದೆ? ಏನಾದರೂ ಹೆಚ್ಚುಕಡಿಮೆಯಾದರೆ 72 ಗಂಟೆಯೊಳಗೆ ತೆಗೆದುಕೊಳ್ಳುವ ಗುಳಿಗೆಯನ್ನು ತಂದು ಹುಡುಗಿಯ ಕೈಗಿಡುತ್ತಾರೆ. ಆ ಗುಳಿಗೆ ಆಪತ್ತಿಗೆಂದು ಮಾಡಿದ್ದು. ಅದನ್ನೇ ರೂಢಿ ಮಾಡಿಕೊಂಡರೆ ತಿಂಗಳ ಲೆಕ್ಕ ಏರುಪೇರಾಗುತ್ತದೆ, ದಿನ ತಪ್ಪಿದಾಗೆಲ್ಲ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತದೆ. ಹುಡುಗನಿಗೆ ಆ ಕ್ಯಾಲೆಂಡರೇ ಇಲ್ಲ.

ಕಾನೂನು ಈ ಹೆಣ್ಣುಮಕ್ಕಳನ್ನು ಕೈಬಿಟ್ಟಿಲ್ಲ ಎಂಬುದನ್ನು ಮಾತ್ರ ಇಲ್ಲಿ ಹೇಳಲೇಬೇಕು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ ಗರ್ಭನಿರೋಧಕ ವಿಫಲವಾದ ಪ್ರಸಂಗಕ್ಕೆ ‘ವಿವಾಹಿತ ಮಹಿಳೆ ಅಥವಾ ಅವಳ ಗಂಡ’ ಎಂದಿದ್ದುದನ್ನು 2021ರ ತಿದ್ದುಪಡಿಯು ‘ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ’ ಎಂದು ಬದಲಿಸಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಮದುವೆಯಾದವಳಿಗೂ ಆಗದವಳಿಗೂ ಈ ಹಕ್ಕಿನಲ್ಲಿ ಭೇದವಿಲ್ಲ ಎಂದು ಹೇಳಿತು. ಕಾಗದದ ಮೇಲೆ ಇಷ್ಟು ದೊಡ್ಡ ಮಾತು ಬಂದಿದೆ. ನಮ್ಮ ತಾಲ್ಲೂಕಿನ ಹೆಣ್ಣುಮಗಳೊಬ್ಬಳ ಕಿವಿಗೆ ಅದು ಬಿದ್ದಿರುವುದನ್ನು ನಾನು ಈವರೆಗೆ ಕಂಡಿಲ್ಲ.

ಅಮೆರಿಕದಲ್ಲಿ 2022ರ ಜೂನ್ 24ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿದ ಮೇಲೆ ಎಳೆಯ ಗಂಡಸರೇ ವ್ಯಾಸೆಕ್ಟಮಿಗೆ, ಅಂದರೆ ಗಂಡಸರ ಆಪರೇಷನ್ನಿಗೆ, ಹೆಚ್ಚು ಹೆಚ್ಚು ಮುಂದೆ ಬಂದರು. ಮಕ್ಕಳು ಬೇಡ ಎನ್ನುವ ಒಂಟಿ ಗಂಡಸು ಅಲ್ಲಿ ಅದನ್ನು ಮಾಡಿಸಿಕೊಂಡು, ಮೊದಲ ಭೇಟಿಯಲ್ಲೇ ಹುಡುಗಿಗೆ ಹೇಳಿಬಿಡಬಹುದು. ನಮ್ಮಲ್ಲಿ ಹಾಗಾಗುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮದುವೆಯಾಗಿರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು ಎಂಬುದು ನಿಯಮ. ಆದ್ದರಿಂದ ನಮ್ಮ ಹುಡುಗಿ ಹುಡುಗನನ್ನು ಕೇಳಬಹುದಾದದ್ದು ಒಂದು ಮಾತು ಮಾತ್ರ, ಮುಂದೆ ನಡೆಸಿಕೊಡಬೇಕಾದ ಮಾತು. ಅದಕ್ಕೇ ಆ ಮಾತು ಮದುವೆಗೆ ಮೊದಲೇ ಆಗಬೇಕು. ಎರಡನೆಯ ಹೆರಿಗೆಯಾಗಿ ಹಾಸಿಗೆಯ ಮೇಲಿರುವ ಹೆಂಗಸಿಗೆ, ಸುತ್ತ ಅತ್ತೆ, ತಾಯಿ, ಸಿಸ್ಟರ್ ನಿಂತಿರುವಾಗ, ಚರ್ಚೆ ಮಾಡುವ ಕಸುವೂ ಇರುವುದಿಲ್ಲ, ಜಾಗವೂ ಇರುವುದಿಲ್ಲ.

ನಮ್ಮ ಚಿಗವ್ವನಿಗೆ ಆದದ್ದು ಹಾಗೇ. ಅವಳಿಗೆ ಆಗ ಇಪ್ಪತ್ಮೂರು. ಎರಡು ಗಂಡು, ಒಂದು ಹೆಣ್ಣು. ಒಂದು ಶಾಲೆಯಲ್ಲಿ ಕ್ಯಾಂಪು ಹಾಕಿದ್ದರು. ಬೆಂಚುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಜಮಖಾನ ಹಾಸಿ ಸಾಲಾಗಿ ಮಲಗಿಸಿದ್ದರಂತೆ. ಸಂಜೆ ಚಕ್ಕಡಿಯಲ್ಲಿ ಊರಿಗೆ ಬಂದಳು. ಹುಲ್ಲು ಹಾಸಿ ಮೇಲೆ ಕೌದಿ ಹಾಕಿದ್ದರೂ ಪ್ರತಿ ಕುಲುಕಿಗೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಹತ್ತಿ ಬಿಡಿಸುವ ಸುಗ್ಗಿ. ಎಂಟನೆಯ ದಿನಕ್ಕೆ ಸೀರೆಯ ಉಡಿ ಕಟ್ಟಿಕೊಂಡು ಹೊಲಕ್ಕೆ ಹೋದಳು. ಮುಂದಿನ ಮೂವತ್ತು ವರ್ಷ ಸೊಂಟ ನೋವು ಅಂದಾಗೆಲ್ಲ “ಆಪರೇಷನ್ ಆದಾಗಿಂದ” ಎನ್ನುತ್ತಿದ್ದಳು. ನೋವಿಗೆ ಕಾರಣ ಆಪರೇಷನ್ನೋ, ಎಂಟು ದಿನಕ್ಕೆ ಹೊತ್ತ ಹತ್ತಿಯ ಹೊರೆಯೋ, ಯಾವ ಡಾಕ್ಟರೂ ಅವಳಿಗೆ ಹೇಳಲಿಲ್ಲ. ಕೇಳಲು ಅವಳೂ ಹೋಗಲಿಲ್ಲ. ಕಾಕಾ ಕೆಟ್ಟವನಲ್ಲ. ಅವಳಿಗಾಗಿ ಪೇಟೆಯಿಂದ ಬೆಲ್ಲ, ತುಪ್ಪ, ಒಣಕೊಬ್ಬರಿ ತಂದು ಅಂಟಿನ ಉಂಡಿ ಮಾಡಿಸಿದ. ಆಪರೇಷನ್ ಟೇಬಲ್ಲಿನ ಮೇಲೆ ತಾನೂ ಮಲಗಬಹುದಿತ್ತು ಎಂಬ ವಿಚಾರ ಮಾತ್ರ ಅವನಿಗೆ ಎಂದೂ ಬರಲಿಲ್ಲ. ಬರುವಂತೆ ಯಾರೂ ಹೇಳಲೂ ಇಲ್ಲ.

ಇದು ಬರೇ ನಮ್ಮ ಮನೆಯ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ 100ಕ್ಕೆ 57 ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡ ದಂಪತಿಗಳ ಲೆಕ್ಕ ಸೊನ್ನೆಗೆ ಹತ್ತಿಕೊಂಡಿದೆ. ಇಡೀ ದೇಶದಲ್ಲಿ ಹೆಂಗಸರ ಪಾಲು 37.9, ಗಂಡಸರದು 0.3. ಅದೇ ಸಮೀಕ್ಷೆಯಲ್ಲಿ, ಗರ್ಭನಿರೋಧ ಹೆಂಗಸರ ಬಾಬತ್ತು, ಗಂಡಸು ಅದರ ಚಿಂತೆ ಮಾಡಬೇಕಾಗಿಲ್ಲ ಎಂಬ ಮಾತನ್ನು ದೇಶದ 35 ಪ್ರತಿಶತ ಗಂಡಸರು ಒಪ್ಪಿದ್ದಾರೆ. ಉಳಿದ 65ರ ಮಾತನ್ನು ನಂಬಿ ನಾನು ಇದನ್ನು ಬರೆಯುತ್ತಿದ್ದೇನೆ. ಒಪ್ಪದವರು ಅಷ್ಟು ಜನ ಇದ್ದೂ ಟೇಬಲ್ಲಿನ ಮೇಲೆ ಮಲಗುವವರು ಸಾವಿರಕ್ಕೆ ಮೂವರು ಯಾಕೆ?

ಯಾಕೆ ಎಂಬುದಕ್ಕೆ ಹಿಂದಕ್ಕೆ ಹೋಗಬೇಕು. ಈ ವಿಷಯದಲ್ಲಿ ಕನ್ನಡ ನಾಡು ಹಿಂದೆ ಬಿದ್ದ ನಾಡಲ್ಲ. 1930ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಸರ್ಕಾರವೊಂದು ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ನಮ್ಮ ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಮುಂಬೈಯಲ್ಲಿ ರಘುನಾಥ ಧೊಂಡೊ ಕರ್ವೆ 1921ರಲ್ಲೇ ಇದೇ ಕೆಲಸಕ್ಕೆ ಕ್ಲಿನಿಕ್ ತೆರೆದು, ಅದಕ್ಕಾಗಿ ಪ್ರಾಧ್ಯಾಪಕನ ನೌಕರಿ ಕಳೆದುಕೊಂಡಿದ್ದರು. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಾಮನಗರದಲ್ಲಿ ಒಂದು ಪ್ರಯೋಗ ಮಾಡಿತು: ಬಣ್ಣ ಬಣ್ಣದ ಮಣಿಗಳ ಸರವನ್ನು ಹೆಂಗಸರಿಗೆ ಕೊಟ್ಟು, ದಿನಕ್ಕೊಂದು ಮಣಿ ಸರಿಸುತ್ತ ಯಾವ ದಿನ ಗಂಡನ ಸಂಗ ಸಲ್ಲದು ಎಂದು ಲೆಕ್ಕವಿಡುವುದು. ಸರ ಹೆಂಗಸಿನ ಕೈಯಲ್ಲಿತ್ತು, ದಿನ ಗೊತ್ತು ಮಾಡುವ ಅಧಿಕಾರ ಗಂಡನ ಕೈಯಲ್ಲಿತ್ತು. ಆ ಪ್ರಯೋಗ ಫಲಿಸಲಿಲ್ಲ. ಅದನ್ನು ಓದಿದಾಗ ನನಗೆ ಬಹಳ ಹೊತ್ತು ಬೇಸರವಾಯಿತು.

ಆದರೆ ಆಮೇಲೆ ಎಷ್ಟೋ ವರ್ಷ ಆಪರೇಷನ್ ಎಂದರೆ ಹೆಚ್ಚಾಗಿ ಗಂಡಸರದೇ ಆಗಿತ್ತು ಎಂಬುದನ್ನು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಗೋಡೆಗಳ ಮೇಲೆ ಕೆಂಪು ತ್ರಿಕೋನ ಬರೆಸುತ್ತಿದ್ದ ಕಾಲ ಅದು. ಆರತಿಗೊಬ್ಬಳು, ಕೀರ್ತಿಗೊಬ್ಬ ಎಂದು ಹಳ್ಳಿಹಳ್ಳಿಗೆ ಸಾರಿದ ಕಾಲ. 1971ರ ಜುಲೈಯಲ್ಲಿ ಕೇರಳದ ಎರ್ನಾಕುಲಂನಲ್ಲಿ ನಡೆದ ಒಂದೇ ಶಿಬಿರದಲ್ಲಿ 60 ಸಾವಿರಕ್ಕೂ ಹೆಚ್ಚು ಗಂಡಸರು ಮಾಡಿಸಿಕೊಂಡರು. ಆಮೇಲೆ ತುರ್ತು ಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಆಪರೇಷನ್. ಅದರಲ್ಲಿ 62 ಲಕ್ಷ ಗಂಡಸರು. ಜೀಪಿನ ಸದ್ದು ಕೇಳಿದರೆ ಗಂಡಸರು ಆಳೆತ್ತರದ ಜೋಳದೊಳಗೆ ಹೊಕ್ಕು ಕೂರುತ್ತಿದ್ದ ಕಥೆಯನ್ನು ನಮ್ಮ ಅಜ್ಜ ಹೇಳುತ್ತಿದ್ದ. ಮಾಸ್ತರರಿಗೆ, ಗ್ರಾಮಸೇವಕರಿಗೆ ಇಷ್ಟು ‘ಕೇಸು’ ತರಬೇಕೆಂಬ ಒತ್ತಾಯ. ಮನುಷ್ಯನನ್ನು ಕೇಸು ಎಂದು ಕರೆದ ದಿನವೇ ಆ ಕೆಲಸ ಕೆಟ್ಟಿತು. 1977ರಲ್ಲಿ ಸರ್ಕಾರ ಬಿತ್ತು. ಆಮೇಲೆ ಬಂದ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಕಾರ್ಯಕ್ರಮದ ಹೆಸರು ಕುಟುಂಬ ಕಲ್ಯಾಣವಾಯಿತು, ಕ್ಯಾಂಪಿನ ಸಾಲಿನಲ್ಲಿ ಹೆಂಗಸರು ಬಂದು ನಿಂತರು. ಗಂಡಸಿಗೆ ಆದ ಅನ್ಯಾಯವನ್ನು ಸರಿಪಡಿಸುವ ಬದಲು ಭಾರವನ್ನೇ ಎತ್ತಿ ಹೆಣ್ಣಿನ ಮೇಲೆ ಇಟ್ಟರು.

ಆ ಸಾಲಿನ ಕೊನೆ 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದಲ್ಲಿ ಕಂಡಿತು. ಅಲ್ಲಿನ ಶಿಬಿರಗಳಲ್ಲಿ ಆಪರೇಷನ್ ಆದ ಹೆಂಗಸರಲ್ಲಿ 13 ಜನ ಸತ್ತರು. ದೇವಿಕಾ ಬಿಸ್ವಾಸ್ ಎಂಬ ಕಾರ್ಯಕರ್ತೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರಿನಲ್ಲಿ, ಮೂರು ವರ್ಷದೊಳಗೆ ಕ್ಯಾಂಪುಗಳನ್ನೇ ನಿಲ್ಲಿಸಿ, ಆಸ್ಪತ್ರೆಯಲ್ಲೇ ಈ ಸೇವೆ ಕೊಡಿ ಎಂದಿತು.

ಇಷ್ಟೆಲ್ಲ ಆದರೂ ಗಂಡಸರು ಯಾಕೆ ಹಿಂದೆ ಸರಿಯುತ್ತಾರೆ ಎಂದು ನಾನು ಗಂಡಸರನ್ನೇ ಕೇಳಿದ್ದೇನೆ. ಅಣ್ಣ, ತಮ್ಮ, ಅವರ ದೋಸ್ತರು, ಹೊಲ ಪಾಲಿಗೆ ಮಾಡುವವರು. ಉತ್ತರ ಎಲ್ಲ ಕಡೆ ಒಂದೇ ಶಬ್ದಕ್ಕೆ ಬಂದು ನಿಲ್ಲುತ್ತದೆ: ಕಸುವು. “ಕಸುವು ಹೋಗ್ತೈತ್ರಿ. ಹೊಲದಾಗ ದುಡಿಯಾಂವ ನಾನು, ನಾ ಮಲಗಿದ್ರ ಮನಿ ನಡೀಬೇಕಲ್ಲ?” ಹೊಲದಲ್ಲಿ ಹೆಂಡತಿ ಅವನಷ್ಟೇ ದುಡಿಯುತ್ತಾಳೆ ಎಂಬುದನ್ನು ಸದ್ಯಕ್ಕೆ ಬಿಡೋಣ. ಈ ಹೆದರಿಕೆ ಎಲ್ಲಿಂದ ಬಂತು ಎಂದು ನೋಡಿದರೆ ನನಗೆ ದನದ ಕೊಟ್ಟಿಗೆ ಕಾಣುತ್ತದೆ. ನಮ್ಮಲ್ಲಿ ಹೋರಿಯನ್ನು ಎತ್ತು ಮಾಡುವಾಗ ಬೀಜ ಒಡೆಸುತ್ತಾರೆ. ಹುಡುಗ ಚಿಕ್ಕಂದಿನಲ್ಲೇ ಅದನ್ನು ಕಣ್ಣಾರೆ ಕಂಡಿರುತ್ತಾನೆ. ಕಾಲು ಕಟ್ಟಿ ಕೆಡವುವುದು, ಹೋರಿ ಒರಲುವುದು, ಆಮೇಲೆ ಅದರ ಸೊಕ್ಕು ಇಳಿದು ಹೇಳಿದ ಹಾಗೆ ಕೇಳುವುದು. ಸಂತಾನಹರಣ ಎಂಬ ಮಾತು ಕಿವಿಗೆ ಬಿದ್ದ ಕ್ಷಣ ಅವನ ಕಣ್ಣ ಮುಂದೆ ಬರುವುದು ಆ ಹೋರಿ. ಡಾಕ್ಟರು ಎಷ್ಟು ಭಾಷಣ ಮಾಡಿದರೂ ಆ ಚಿತ್ರ ಅಳಿಸುವುದಿಲ್ಲ, ಯಾಕೆಂದರೆ ಡಾಕ್ಟರಿಗೆ ಆ ಚಿತ್ರ ಗೊತ್ತಿಲ್ಲ.

ಎರಡಕ್ಕೂ ಸಂಬಂಧವೇ ಇಲ್ಲ. ಹೋರಿಗೆ ಮಾಡುವಾಗ ಬೀಜಕ್ಕೆ ಹೋಗುವ ರಕ್ತವನ್ನೇ ನಿಲ್ಲಿಸುತ್ತಾರೆ. ಬೀಜ ಬತ್ತುತ್ತದೆ, ಗಂಡುತನದ ಹಾರ್ಮೋನು ನಿಲ್ಲುತ್ತದೆ. ಗಂಡಸಿನ ಆಪರೇಷನ್ನಿನಲ್ಲಿ ಬೀಜವನ್ನು ಮುಟ್ಟುವುದಿಲ್ಲ. ಅಲ್ಲಿಂದ ವೀರ್ಯಾಣು ಹೊತ್ತು ಹೋಗುವ ಎರಡು ಸಣ್ಣ ನಾಳಗಳಿವೆ. ಅವನ್ನು ಕತ್ತರಿಸಿ ಕಟ್ಟುತ್ತಾರೆ, ಅಷ್ಟೇ. ಹಾರ್ಮೋನು ಆ ನಾಳದಲ್ಲಿ ಹರಿಯುವುದಿಲ್ಲ, ನೇರ ರಕ್ತಕ್ಕೆ ಸೇರುತ್ತದೆ. ಮೊದಲು ಹೇಗೋ ಆಮೇಲೂ ಹಾಗೇ. ಆಸೆ, ಬಲ, ಮೀಸೆ, ಧ್ವನಿ ಯಾವುದೂ ಬದಲಾಗುವುದಿಲ್ಲ. ವೀರ್ಯ ಬರುವುದೂ ನಿಲ್ಲುವುದಿಲ್ಲ, ಅದರೊಳಗಿನ ಜೀವಾಣು ಮಾತ್ರ ಇರುವುದಿಲ್ಲ. ಕಾಲುವೆಯ ಮಾತಿನಲ್ಲಿ ಹೇಳುವುದಾದರೆ, ಒಂದು ಹೊಲದ ತೂಬು ಮುಚ್ಚಿದರೆ ಆಣೆಕಟ್ಟು ಬತ್ತುವುದಿಲ್ಲ.

1974ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ವೈದ್ಯ ಲೀ ಶುನ್‌ಚಿಯಾಂಗ್ ಚಾಕು ಹಾಕದೆ ಮಾಡುವ ವಿಧಾನ ಕಂಡುಹಿಡಿದರು. ಆಸ್ಪತ್ರೆಯಲ್ಲಿ ಅದನ್ನು ಎನ್‌ಎಸ್‌ವಿ ಎನ್ನುತ್ತಾರೆ. ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್, ಒಂದು ಸಣ್ಣ ತೂತು, ಹತ್ತರಿಂದ ಇಪ್ಪತ್ತು ನಿಮಿಷ. ಹೊಲಿಗೆ ಬೇಕಾಗುವುದಿಲ್ಲ, ಅದೇ ದಿನ ನಡೆದು ಮನೆಗೆ ಬರಬಹುದು. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತಬಾರದು, ಸೈಕಲ್ ತುಳಿಯಬಾರದು. ಹೆಂಗಸಿಗಾದರೆ ಹೊಟ್ಟೆಯನ್ನೇ ತೆರೆಯಬೇಕು, ಇಲ್ಲವೇ ದುರ್ಬೀನು ಇಳಿಸಬೇಕು. ನೋವೂ ಹೆಚ್ಚು, ಅಪಾಯವೂ ಹೆಚ್ಚು. ಸರ್ಕಾರ ಕೊಡುವ ಪರಿಹಾರಧನದಲ್ಲೂ ಗಂಡಸಿಗೇ ಜಾಸ್ತಿ ಇಟ್ಟರು: 2007ರಲ್ಲಿ ಕೇಂದ್ರ ಗೊತ್ತು ಮಾಡಿದ್ದು ಗಂಡಸಿಗೆ 1,100 ರೂಪಾಯಿ, ಬಡ ಕುಟುಂಬದ ಹೆಣ್ಣಿಗೆ 600. ದುಡ್ಡಿನಿಂದ ಹೆದರಿಕೆ ಹೋಗಲಿಲ್ಲ.

ಒಂದು ಎಚ್ಚರ ಇಲ್ಲಿ ಹೇಳದೆ ಮುಂದೆ ಹೋದರೆ ನನ್ನದು ಅರೆಬರೆ ಮಾತಾಗುತ್ತದೆ. ಆಪರೇಷನ್ ಆದ ದಿನವೇ ಗಂಡಸು ನಿಶ್ಚಿಂತನಲ್ಲ. ನಾಳದ ಮುಂಭಾಗದಲ್ಲಿ ಉಳಿದ ಜೀವಾಣುಗಳು ತೀರಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ ಬಳಸಬೇಕು, ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಈ ಮಾತನ್ನು ಸರಿಯಾಗಿ ಹೇಳದಿದ್ದರೆ ಏನಾಗುತ್ತದೆ ಎಂದು ಹಳ್ಳಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಡನಿಗೆ ಆಪರೇಷನ್ ಆಗಿದೆ, ಎರಡನೆಯ ತಿಂಗಳಿಗೆ ಹೆಂಡತಿ ಬಸಿರು. ಊರು ಯಾರನ್ನು ನೋಡುತ್ತದೆ? ಎಷ್ಟೋ ಹೆಂಗಸರು “ಅವರಿಗೆ ಬ್ಯಾಡ್ರಿ, ನನಗ ಮಾಡ್ರಿ” ಎಂದು ತಾವೇ ಮುಂದೆ ಬರುವುದಕ್ಕೆ ಇದೂ ಒಂದು ಕಾರಣ ಎಂದು ಆಶಾ ಕಾರ್ಯಕರ್ತೆಯೊಬ್ಬಳು ನನಗೆ ಹೇಳಿದಳು. ಶೀಲದ ಮೇಲೆ ಬರುವ ಮಾತಿಗಿಂತ ಹೊಟ್ಟೆಯ ಮೇಲಿನ ಗಾಯ ಹಗುರ ಎಂದು ಲೆಕ್ಕ ಹಾಕಿದವಳನ್ನು ತಿಳಿಗೇಡಿ ಎನ್ನಲು ನನ್ನಿಂದಾಗದು.

ಅದೇ ಆಶಾ ಅಕ್ಕ ಇನ್ನೊಂದು ಮಾತು ಹೇಳಿದಳು. “ನಾ ಗಂಡಸ್ರ ಮುಂದ ಈ ಮಾತು ಹ್ಯಾಂಗ ತಗೀಲ್ರಿ? ಕಟ್ಟಿ ಮ್ಯಾಲೆ ನಾಕ್ ಮಂದಿ ಕುಂತಿರ್ತಾರ. ನಾನೂ ಆ ಊರ ಸೊಸೀನ.” ಸರ್ಕಾರ ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪರೇಷನ್ನಿಗೆಂದೇ ಒಂದು ಪಾಕ್ಷಿಕ ಆಚರಿಸುತ್ತದೆ. ಬ್ಯಾನರ್ ಕಟ್ಟುತ್ತಾರೆ, ಕರಪತ್ರ ಹಂಚುತ್ತಾರೆ. ಆದರೆ ಮನೆಮನೆಗೆ ಹೋಗಿ ಹೇಳಬೇಕಾದವಳು ಹೆಣ್ಣುಮಗಳು, ಅವಳ ಮಾತು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಗಂಡಸಿಗೆ ಗಂಡಸೇ ಹೇಳಬೇಕು. ಮಾಡಿಸಿಕೊಂಡವನು ಮಾಡಿಸಿಕೊಳ್ಳದವನಿಗೆ ಹೇಳಬೇಕು. ಮಾಡಿಸಿಕೊಂಡವರು ಇಲ್ಲವೆಂದಲ್ಲ, ಅಲ್ಲಲ್ಲಿ ಒಬ್ಬೊಬ್ಬರಿದ್ದಾರೆ. ಅವರು ಬಾಯಿ ಬಿಡುವುದಿಲ್ಲ. ಹೆಂಡತಿಗೆ ಸಿಜೇರಿಯನ್ ಆಗಿ ಮೈ ಸೋತದ್ದನ್ನು ಕಂಡು ತಾನೇ ಹೋಗಿ ಮಾಡಿಸಿಕೊಂಡ ನನ್ನ ಪರಿಚಯದ ಒಬ್ಬ, ತನ್ನ ತಾಯಿಗೇ ಹರ್ನಿಯಾ ಆಪರೇಷನ್ ಎಂದು ಹೇಳಿದ್ದಾನೆ. ಇಂಥ ಒಳ್ಳೆಯ ಕೆಲಸವನ್ನು ಕಳ್ಳತನದಂತೆ ಮಾಡಬೇಕಾಗಿ ಬಂದದ್ದಕ್ಕೆ ನನಗೆ ಸಂಕಟವಾಗುತ್ತದೆ.

ತಾಯಿ ಎಂದೆನಲ್ಲ, ಅಸಲು ಬಾಗಿಲು ಅಲ್ಲಿದೆ. “ನನ್ನ ಮಗ ಯಾಕ ಮಾಡಿಸ್ಕೋಬೇಕು? ನಾನ ಮಾಡಿಸ್ಕೊಂಡಿಲ್ಲೇನು, ಆಕೀಗೇನಾಗೇತಿ?” ಎಂದು ಕೇಳುವ ಅತ್ತೆಯೂ ಒಂದು ಕಾಲಕ್ಕೆ ಅದೇ ಜಮಖಾನದ ಮೇಲೆ ಮಲಗಿ ಎದ್ದವಳು. ತಾನು ಪಟ್ಟ ಕಷ್ಟವೇ ಹೆಣ್ಣಿನ ಬಾಳಿನ ರೀತಿ ಎಂದು ನಂಬಿದರೆ ಮಾತ್ರ ಅವಳಿಗೆ ಆ ಕಷ್ಟ ತಡೆದುಕೊಳ್ಳಲಿಕ್ಕಾಗುತ್ತದೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವ ಬದಲು ಅವಳ ಹತ್ತಿರ ಕುಳಿತು ಅವಳ ಕಥೆ ಕೇಳಿದರೆ, ನನ್ನ ಅನುಭವದಲ್ಲಿ, ಅರ್ಧ ಬಾಗಿಲು ತೆರೆಯುತ್ತದೆ.

ಇನ್ನು ತೊಟ್ಟಿಲು. ಕಲಘಟಗಿಯ ಬಣ್ಣದ ತೊಟ್ಟಿಲು ನಮ್ಮ ಸೀಮೆಗೆಲ್ಲ ಹೆಸರುವಾಸಿ. ಚಿತ್ರಗಾರರ ಮನೆತನಗಳು ಮರಕ್ಕೆ ಅರಗಿನ ಬಣ್ಣ ತುಂಬಿ ಅದರ ಮೇಲೆ ಕೃಷ್ಣನ ಲೀಲೆ ಬರೆಯುತ್ತಾರೆ. ಚೊಚ್ಚಲ ಹೆರಿಗೆಗೆ ಬಂದ ಮಗಳ ಕೂಸಿಗೆ ತವರಿನವರು ಇಂಥ ತೊಟ್ಟಿಲು ಕೊಡುವುದು ದೊಡ್ಡ ಗೌರವ. ನವಲಗುಂದದಲ್ಲಿ ಹೋಳಿಯ ಹೊತ್ತಿಗೆ ರಾಮಲಿಂಗ ಕಾಮಣ್ಣನನ್ನು ಕೂರಿಸುತ್ತಾರೆ. ಮದುವೆಯಾಗದವರು, ಮಕ್ಕಳಾಗದವರು ದೂರದೂರದಿಂದ ಬಂದು ಹರಕೆ ಹೊರುತ್ತಾರೆ, ಮಕ್ಕಳು ಬೇಕೆನ್ನುವವರು ಬೆಳ್ಳಿಯ ತೊಟ್ಟಿಲು ಹರಸಿಕೊಳ್ಳುತ್ತಾರೆ. ಕೂಸನ್ನು ಇಷ್ಟು ಪ್ರೀತಿಯಿಂದ ಬರಮಾಡಿಕೊಳ್ಳುವ ಸೀಮೆ ಇದು. ಮಕ್ಕಳು ಬೇಡ ಎಂಬ ವಾದ ನನ್ನದಲ್ಲ. ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳ ಸಂಖ್ಯೆ 2019–21ರ ಸಮೀಕ್ಷೆಯ ಹೊತ್ತಿಗೇ 1.7ಕ್ಕೆ ಇಳಿದಿತ್ತು, ಜನಸಂಖ್ಯೆ ಏರಿತೆಂದು ಗಾಬರಿಪಡುವ ಕಾಲವೂ ಮುಗಿದಿದೆ. ಕೂಸು ಯಾವಾಗ ಬರಬೇಕು, ಎರಡನೆಯದಕ್ಕೆ ಎಷ್ಟು ಅಂತರ ಬೇಕು, ಸಾಕು ಎಂದಾಗ ಯಾರ ಮೈ ಮುಂದಾಗಬೇಕು ಎಂಬುದನ್ನು ಇಬ್ಬರೂ ಕೂಡಿ ಗೊತ್ತು ಮಾಡಲಿ ಎಂಬಷ್ಟೇ ನನ್ನ ಹಂಬಲ.

ಅಂತರದ ಮಾತು ನಮ್ಮಲ್ಲಿ ಬಹಳ ಕಡಿಮೆ. ಮದುವೆಯಾಗಿ ಮೂರು ತಿಂಗಳಿಗೆ “ಏನರ ವಿಶೇಷ?” ಎಂದು ಕೇಳಲು ಶುರುಮಾಡುತ್ತಾರೆ. ಚೊಚ್ಚಲಿಗೆ ಮೊದಲು ಗುಳಿಗೆ ತೆಗೆದುಕೊಂಡರೆ ಮುಂದೆ ಬಸಿರೇ ನಿಲ್ಲುವುದಿಲ್ಲ ಎಂಬ ಹೆದರಿಕೆಯನ್ನು ತಾಯಂದಿರೇ ಹಾಕುತ್ತಾರೆ. ಹೀಗಾಗಿ ನಾಲ್ಕು ವರ್ಷದಲ್ಲಿ ಎರಡು ಹೆರಿಗೆ, ಅದರ ಹಿಂದೆಯೇ ಆಪರೇಷನ್. ಮದುವೆಯಿಂದ ಹಿಡಿದು ಆಪರೇಷನ್ನಿನವರೆಗೆ ನಡುವೆ ಉಸಿರು ತೆಗೆದುಕೊಳ್ಳಲು ಒಂದು ವರ್ಷ ಸಿಗುವುದಿಲ್ಲ ಅವಳಿಗೆ. ಅಂತರಕ್ಕೆ ದಾರಿಗಳಿಲ್ಲವೆಂದಲ್ಲ. ವಂಕಿ (ಕಾಪರ್-ಟಿ) ಇದೆ. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಹಾಕುವ ‘ಅಂತರಾ’ ಇಂಜೆಕ್ಷನ್, ವಾರದ ಗುಳಿಗೆ ‘ಛಾಯಾ’ ಪುಕ್ಕಟೆ ಸಿಗುತ್ತಿವೆ. ಛಾಯಾ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಂಡುಹಿಡಿದದ್ದು, ಅದರಲ್ಲಿ ಹಾರ್ಮೋನು ಇಲ್ಲ. ಇವನ್ನು ಬಿಟ್ಟ ಮೇಲೆ ಮತ್ತೆ ಬಸಿರು ನಿಲ್ಲುತ್ತದೆ; ಅಂತರಾ ಬಿಟ್ಟವರಿಗೆ ಕೆಲವು ತಿಂಗಳು ತಡವಾಗಬಹುದು, ಅಷ್ಟೇ. ಗಂಡಸರಿಗಾಗಿಯೂ ಒಂದು ಇಂಜೆಕ್ಷನ್ ಬರುವ ಹಾದಿಯಲ್ಲಿದೆ. ಖರಗ್‌ಪುರ ಐಐಟಿಯ ಸುಜಯ್ ಗುಹಾ ದಶಕಗಳ ಕಾಲ ದುಡಿದು ರೂಪಿಸಿದ್ದು. 303 ವಿವಾಹಿತ ಗಂಡಸರ ಮೇಲೆ ನಡೆದ ಮೂರನೆಯ ಹಂತದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು, ಅದು ಬಹುತೇಕ ಪೂರ್ತಿ ಯಶಸ್ವಿಯಾಗಿತ್ತು. ಆ 303 ಜನರ ಹೆಸರು ನಮಗೆ ತಿಳಿಯದು. ಅವರಿಗೆ ನನ್ನ ಶರಣು.

ನಮ್ಮ ಹುಡುಗಿಯರು ಇದನ್ನು ಕೇಳುವ ಧೈರ್ಯ ಈಗ ಮಾಡಬಹುದು ಎಂದು ನನಗೆ ಅನ್ನಿಸಲು ಕಾರಣವಿದೆ. ಒಕ್ಕಲುತನದ ಹುಡುಗರಿಗೆ ಕನ್ಯಾ ಸಿಗದೆ ಮೂವತ್ತೈದು ದಾಟುತ್ತಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ರೈತರ ಮಕ್ಕಳು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನಮ್ಮ ಕಡೆಯ ಮನೆಗಳಲ್ಲಿಯೂ ಅದೇ ಕೊರಗು. ಆ ಹುಡುಗರ ಒಂಟಿತನ ನಿಜವಾದ ದುಃಖ. ಅದೇ ಹೊತ್ತಿಗೆ ಹೆಣ್ಣಿನ ಮನೆಯವರು ಕೇಳುವುದು ಹೆಚ್ಚಿದೆ: ನೌಕರಿ ಇದೆಯೇ, ಹುಬ್ಬಳ್ಳಿಯಲ್ಲಿ ಸೈಟು ಇದೆಯೇ, ಹೊಲದ ಕೆಲಸ ಮಾಡಿಸುತ್ತೀರಾ. ಇವೆಲ್ಲ ಅಪ್ಪಂದಿರ ಪ್ರಶ್ನೆಗಳು. ಇಷ್ಟು ಕೇಳುವ ಕಾಲ ಬಂದಿರುವಾಗ ಹುಡುಗಿ ತನ್ನ ಸ್ವಂತದ್ದೊಂದು ಪ್ರಶ್ನೆ ಸೇರಿಸಿದರೆ ತಪ್ಪೇನು? ಮತ್ತು ಎಂಟು ಎಕರೆ ಹೊಲದ ಹುಡುಗ, ಸೈಟು ತೋರಿಸಲಾಗದಿದ್ದರೂ, “ಆ ಭಾರ ನನಗಿರಲಿ” ಎಂದು ಹೇಳಿದರೆ ಅವನಿಗಿಂತ ಒಳ್ಳೆಯ ಗಂಡು ಯಾವ ಊರಲ್ಲಿ ಸಿಕ್ಕಾನು?

ನಾಲ್ಕನೆಯ ದಿನ ರಾತ್ರಿ ಹುಡುಗನ ಫೋನು ಬಂತು. ಹವಾಮಾನ, ಕಡಲೆಯ ರೇಟು, ಅವನ ತಂಗಿಯ ಪರೀಕ್ಷೆ ಎಲ್ಲ ಮಾತಾಡಿದ, ಆ ವಿಷಯ ತೆಗೆಯಲಿಲ್ಲ. ಇವಳೂ ತೆಗೆಯಲಿಲ್ಲ. ಹೋಳಿಗೆ ಕಾಮಣ್ಣನ ದರ್ಶನಕ್ಕೆಂದು ನಾವೆಲ್ಲ ನವಲಗುಂದಕ್ಕೆ ಹೋದಾಗ ಅವರ ಮನೆಯವರೂ ಬಂದಿದ್ದರು. ಗದ್ದಲದಲ್ಲಿ ಇಬ್ಬರೂ ಸ್ವಲ್ಪ ಹಿಂದೆ ಉಳಿದರು. ನಾನು ನೋಡಿಯೂ ನೋಡದವಳಂತೆ ಮುಂದೆ ನಡೆದೆ.

ಮರಳಿ ಬರುವಾಗ ಬಸ್ಸಿನಲ್ಲಿ ಅವಳು ಹೇಳಿದಳು. ಅವನು ಒಬ್ಬನೇ ಒಂದು ದಿನ ರಜೆ ಹಾಕಿ ಆಸ್ಪತ್ರೆಗೆ ಹೋಗಿದ್ದನಂತೆ. ವಿಷಯ ಹೇಳಿದ ಕೂಡಲೇ ಅಲ್ಲಿದ್ದ ಸಿಸ್ಟರ್, “ಹೆಂಡ್ತೀನ ಕರಕೊಂಡ ಬಂದೀರೇನ್ರಿ?” ಎಂದು ಕೇಳಿದಳಂತೆ. “ಇಲ್ರಿ, ಮದುವಿ ಇನ್ನೂ ಆಗಬೇಕ್ರಿ. ನನಗ ಕೇಳಾಕ ಬಂದೀನಿ” ಎಂದನಂತೆ. ಆಕೆ ಒಂದು ಗಳಿಗೆ ಅವನ ಮುಖ ನೋಡಿ, ಎದ್ದು ಹೋಗಿ, ಡಾಕ್ಟರನ್ನು ಕರೆದುಕೊಂಡು ಬಂದಳಂತೆ.

“ಮೂರು ತಿಂಗಳಾದ ಮ್ಯಾಲೆ ಟೆಸ್ಟ್ ಮಾಡಸಬೇಕಂತ ಅತ್ತಿ, ಅಲ್ಲೀತನಕ ನಿರೋಧ ಬಿಡಂಗಿಲ್ಲಂತ. ಫೋನಿನ್ಯಾಗ ಬರಕೊಂಡಾರ, ನನಗ ತೋರಿಸಿದ್ರು.”

“ಅವರವ್ವಗ ಹೇಳ್ಯಾನೇನು?”

“ಇನ್ನೂ ಇಲ್ಲ. ನಾನ ಹೇಳ್ತೀನಿ, ನೀ ಹೇಳಬ್ಯಾಡ ಅಂದಾರ.”

ಮದುವೆ ವೈಶಾಖದಲ್ಲಿ. ಕಲಘಟಗಿಯ ಚಿತ್ರಗಾರರಿಗೆ ತೊಟ್ಟಿಲು ಹೇಳಬೇಕೆಂದು ನಮ್ಮ ಅತ್ತಿಗೆ ಈಗಲೇ ಗಡಿಬಿಡಿ ಮಾಡುತ್ತಿದ್ದಾಳೆ. “ಯಾಕ ಅವಸರ, ಅವರಿಬ್ಬರನ್ನ ಕೇಳು” ಎಂದು ಹೇಳಿದ್ದೇನೆ.